ಬಿಡಿಭಾಗಗಳಾಗಿ ಬಂದ ಮೋಟಾರು

ಮೋಟಾರು ಪಂದ್ಯವೆಂದರೆ ಸಿರಿವಂತರ ವಿನೋದವೆಂದು ತಾವು ಭಾವಿಸಿರಬಹುದು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಒಂದು ಗ್ಯಾರೇಜಿನತ್ತ ತುಸು ನೋಡಿ. 1952ರಲ್ಲಿ ಲೆಸ್ ಮ್ಯಾಕ್‌ಲಾರೆನ್ ಎಂಬವರು 1929ರ ಆಸ್ಟಿನ್ ಸೆವೆನ್ ಅಲ್‌ಸ್ಟರ್ ಗಾಡಿಯೊಂದನ್ನು ಬಿಚ್ಚಿದ ಭಾಗಗಳಾಗಿಯೇ ಕೊಂಡುತಂದರು. ಎಂಜಿನ್ನು ಬರಿಯ 747 ಸಿ.ಸಿ.; ಪಂದ್ಯಕ್ಕೆ ಇದೇನು ಶಕ್ತಿ ಎನ್ನಬೇಡಿ.

ಮಗ ಬ್ರೂಸ್ ಬಾಲ್ಯದಲ್ಲಿ ಸೊಂಟದ ಕೀಲಿನ ರೋಗದಿಂದ ಬಹುಕಾಲ ಹಾಸಿಗೆ ಹಿಡಿದಿದ್ದವನು. ಎಡಗಾಲು ಗಿಡ್ಡವಾಗಿಯೇ ಉಳಿದಿತ್ತು. ಅಂಥ ಹುಡುಗನ ಕೈಗೆ ಈ ಕಬ್ಬಿಣದ ರಾಶಿ ಸಿಕ್ಕಿತು! ತಂದೆಮಕ್ಕಳು ಒಂದೊಂದಾಗಿ ಭಾಗಗಳನ್ನು ಉಜ್ಜಿ, ಸರಿಪಡಿಸಿ, ಜೋಡಿಸಿದರು. ಮುರಿವಾಯ್ ಕಡಲತೀರದ ಗುಡ್ಡವೇರುವ ಪಂದ್ಯದಲ್ಲಿ ಬ್ರೂಸ್ ಅದನ್ನು ಓಡಿಸಿಯೇಬಿಟ್ಟ.

ಏಳೇ ವರ್ಷ. 1959ರ ಡಿಸೆಂಬರಿನಲ್ಲಿ, 22ನೆಯ ವಯಸ್ಸಿಗೆ, ಅಮೆರಿಕದ ಸೆಬ್ರಿಂಗ್‌ನಲ್ಲಿ ಗ್ರಾನ್ ಪ್ರಿ ಗೆದ್ದ. 1963ರಲ್ಲಿ ಸ್ವಂತ ತಂಡ ಕಟ್ಟಿದ. 1970ರ ಜೂನ್ 2ರಂದು ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ತನ್ನದೇ ತಂಡದ ಹೊಸ ಗಾಡಿಯನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಮಡಿದ. ಆ ಪುಟ್ಟ ಆಸ್ಟಿನ್ ಮಾತ್ರ ಉಳಿದಿದೆ.