ಒಂದೇ ಎಣ್ಣೆ, ಮೂರು ಜೀವ: ವಿಷ ಕಳೆಯುವ ಜೀನ್‌ಗಳ ರಚನೆ

ಸುರಪುರ, ಶಹಾಪುರ, ಯಾದಗಿರಿಯ ಎರೆಹೊಲಗಳಲ್ಲಿ ಕೀಟನಾಶಕದ ಹೆಸರು ‘ಎಣ್ಣೆ’. ತೊಗರಿ ಹೂವಾಡುವಾಗ ಕೀಡೆ ಬಿತ್ತೆಂದರೆ ಎಣ್ಣೆ ಹೊಡೆಯಬೇಕು. ಗಿಡ ಅಲುಗಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳು ಉದುರಿಸುವ ಹಳೆಯ ಉಪಾಯವೂ ಉಂಟು. ತೊಗರಿಯ ಈ ಕೀಡೆಯೇ ಹತ್ತಿಯ ಹಸಿರು ಕಾಯಿಕೊರಕ, ಹೆಲಿಕೊವರ್ಪಾ ಆರ್ಮಿಜೆರಾ. ನಾರಾಯಣಪುರ ಎಡದಂಡೆ ಕಾಲುವೆ ಹರಿದ ಸೀಮೆಯಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ ಎಲ್ಲವೂ ಇರುವುದರಿಂದ ಅದಕ್ಕೆ ಊಟದ ಚಿಂತೆಯಿಲ್ಲ.

ಪಂಪಿನಿಂದ ಸಿಡಿದ ಹನಿ ಎಲೆಯ ಮೇಲೂ ಬೀಳುತ್ತದೆ, ಹುಳುವಿನ ಮೇಲೂ ಬೀಳುತ್ತದೆ, ಪಂಪು ಹೊತ್ತವನ ಅಂಗಿಯನ್ನೂ ತೋಯಿಸುತ್ತದೆ. ಮೂವರ ಮೈಯಲ್ಲೂ ವಿಷ ಕಳೆಯುವ ಕಿಣ್ವಗಳಿವೆ. ಅವುಗಳ ಕುಲವೂ ಒಂದೇ. ಪಿ450 ಕಿಣ್ವಗಳು ವಿಷದ ಅಣುವಿಗೆ ಆಮ್ಲಜನಕ ಸೇರಿಸುತ್ತವೆ. ಗ್ಲೂಟಾಥಯೋನ್ ಟ್ರಾನ್ಸ್‌ಫರೇಸ್‌ಗಳು ಅದಕ್ಕೆ ಗ್ಲೂಟಾಥಯೋನ್ ಎಂಬ ಸಣ್ಣ ಅಣುವನ್ನು ಅಂಟಿಸಿ ನೀರಿಗೆ ಕರಗುವಂತೆ ಮಾಡುತ್ತವೆ. ಮನುಷ್ಯನಲ್ಲಿ ಪಿ450 ಜೀನ್‌ಗಳು 57, ಈ ಕೀಡೆಯಲ್ಲಿ ನೂರಕ್ಕೂ ಹೆಚ್ಚು, ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಗಿಡದಲ್ಲಿ ಸುಮಾರು 245. ಗಿಡದ ಲೆಕ್ಕ ಕಂಡು ಬೆರಗಾಗಬೇಕಿಲ್ಲ. ಅದರ ಹಲವು ಜೀನ್‌ಗಳು ಸ್ವಂತದ ಹಾರ್ಮೋನು, ಬಣ್ಣ, ಕಹಿರಸಗಳ ತಯಾರಿಕೆಗೆ ಮೀಸಲು.

ಇಂಥ ಜೀನ್‌ಗಳು ಒಂಟಿಯಾಗಿರುವುದು ಕಡಿಮೆ. ಒಂದರ ನಕಲುಗಳು ಅದರ ಮಗ್ಗುಲಲ್ಲೇ ಬೆಳೆದು, ಪಾಲಾದ ಅಣ್ಣತಮ್ಮಂದಿರ ಹೊಲಗಳಂತೆ ಬದುವಿಗೆ ಬದು ತಾಗಿಸಿಕೊಂಡು ಸಾಲಾಗಿರುತ್ತವೆ. ವೀರ್ಯಾಣು, ಅಂಡಾಣು ತಯಾರಾಗುವಾಗ ಜೋಡಿ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಳ್ಳುತ್ತವೆ. ಪಕ್ಕಪಕ್ಕದ ಜೀನ್‌ಗಳಲ್ಲಿ ಹೋಲಿಕೆ ಹೆಚ್ಚಿದ್ದರೆ ಆಗ ಒಂದು ಜೀನು ತನ್ನ ಜೋಡಿಯ ಬದಲು ಅದರ ನೆರೆಯ ಜೀನಿಗೆ ಜೋಡಿಕೊಂಡು ಬದು ತಪ್ಪುತ್ತದೆ.

ತಪ್ಪಿದ್ದಕ್ಕೆ ಸಾಕ್ಷಿ ಈ ಕೀಡೆಯೊಳಗೇ ಇದೆ. ಜರ್ಮನಿಯ ಯೇನಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಡೇವಿಡ್ ಹೆಕೆಲ್ ಮತ್ತು ಸಂಗಡಿಗರು, ಫೆನ್ವಲರೇಟ್ ಎಂಬ ಪೈರೆಥ್ರಾಯ್ಡ್ ಕೀಟನಾಶಕವನ್ನು 42 ಪಟ್ಟು ತಾಳಬಲ್ಲ ಆಸ್ಟ್ರೇಲಿಯಾದ ಹುಳುಗಳಲ್ಲಿ ಒಂದು ಬೆಸುಗೆ ಜೀನ್ ಕಂಡುಹಿಡಿದು 2012ರಲ್ಲಿ ಪ್ರಕಟಿಸಿದರು. ಅದು ಪಿ450 ಬಗೆಯ ಸಿವೈಪಿ337ಬಿ3. ಅದರ ಮುಂಭಾಗ ನೆರೆಯ ಬಿ2 ಜೀನಿನದು, ಹಿಂಭಾಗ ಬಿ1ರದು. ಆ ಎರಡೂ ಮೂಲ ಕಿಣ್ವಗಳು ಫೆನ್ವಲರೇಟನ್ನು ಮುಟ್ಟಲಾರವು. ಬೆಸೆದ ಕಿಣ್ವವೋ ಅದಕ್ಕೊಂದು ಆಮ್ಲಜನಕ ಸಿಕ್ಕಿಸಿ ವಿಷವನ್ನೇ ಕಳೆದುಬಿಡುತ್ತದೆ. ಈ ಬೆಸುಗೆ ಒಮ್ಮೆಯಲ್ಲ, ಬೇರೆ ಬೇರೆಯಾಗಿ ಹಲವು ಸಲ ನಡೆದಿದೆಯೆಂದು 2018ರ ಅಧ್ಯಯನ ತೋರಿಸಿತು. ಇಂಟ್ರಾನ್‌ಗಳ, ಅಂದರೆ ಕಿಣ್ವವಾಗದೆ ಕತ್ತರಿಸಿ ಹೋಗುವ ಜೀನ್‌ಭಾಗದ, ವ್ಯತ್ಯಾಸವೂ ಇದನ್ನು ಹೇಳುತ್ತದೆ.

ಅದೇ ಬಗೆಯ ಎಡವಟ್ಟು ಪಂಪು ಹೊತ್ತವನಲ್ಲೂ ಇರಬಹುದು, ಆದರೆ ತಿರುವುಮುರುವಾಗಿ. ಮನುಷ್ಯನ 1ನೇ ವರ್ಣತಂತುವಿನಲ್ಲಿ ಟ್ರಾನ್ಸ್‌ಫರೇಸಿನ ‘ಮ್ಯೂ’ ಬಗೆಯ ಐದು ಜೀನ್‌ಗಳು ಸಾಲಾಗಿವೆ. ಜೋಡಣೆ ತಪ್ಪಿ ಅವುಗಳಲ್ಲಿ ಜಿಎಸ್‌ಟಿಎಂ1 ಇಡಿಯಾಗಿ ಉದುರಿಹೋಗಿರುವವರು ಬಹಳ. ಯುರೋಪಿಯನ್ನರಲ್ಲಿ ಸುಮಾರು ಅರ್ಧ ಜನ. ಹುಳುವಿಗೆ ಹೊಸ ಅಸ್ತ್ರ ಕೊಟ್ಟ ಎಡವಟ್ಟೇ ಇಲ್ಲಿ ಇದ್ದ ಅಸ್ತ್ರವನ್ನು ಕಿತ್ತುಕೊಂಡಿದೆ. ಉಳಿದ ಜೀನ್‌ಗಳು ಕೆಲಸ ಹಂಚಿಕೊಳ್ಳುವುದರಿಂದ ಕೊರತೆ ಮೇಲುನೋಟಕ್ಕೆ ಕಾಣುವುದಿಲ್ಲ.

ಇನ್ನು ಗಿಡ. ಅಟ್ರಾಜಿನ್ ಕಳೆನಾಶಕವನ್ನು ಜೋಳ ಗ್ಲೂಟಾಥಯೋನ್ ಅಂಟಿಸಿ ಜೀರ್ಣಿಸಿಕೊಳ್ಳುತ್ತದೆ. ಅದೇ ಕಳೆನಾಶಕ ಗಾಳಿಗೆ ಪಕ್ಕದ ತೊಗರಿ ಸಾಲಿಗೆ ತೇಲಿದರೆ ತೊಗರಿ ಬಾಡುತ್ತದೆ. ಗ್ಲೂಟಾಥಯೋನ್ ಅಂಟಿಸುವ ಜೀನ್‌ಗಳ ರಚನೆಯೂ ಬಗೆಯಿಂದ ಬಗೆಗೆ ಬೇರೆ: ಸಸ್ಯಗಳ ‘ಟಾವ್’ ಬಗೆಯ ಟ್ರಾನ್ಸ್‌ಫರೇಸ್ ಜೀನಿನಲ್ಲಿ ಸಾಮಾನ್ಯವಾಗಿ ಒಂದೇ ಇಂಟ್ರಾನ್, ‘ಫೈ’ ಬಗೆಯಲ್ಲಿ ಎರಡು.

ಅಂಗಡಿಯವರು ‘ಎಣ್ಣೆ ಬದಲಿಸಿ’ ಎನ್ನುತ್ತಾರೆ. ಅದು ಅರ್ಧ ಸತ್ಯ. ಚೀನಾದ ವಿಜ್ಞಾನಿಗಳು 2018ರಲ್ಲಿ ಇದೇ ಕೀಡೆಯಿಂದ ಸಿವೈಪಿ6ಎಇ ಎಂಬ ಒಂಬತ್ತು ಪಿ450 ಜೀನ್‌ಗಳ ಸಾಲನ್ನು ಕತ್ತರಿಸಿ ತೆಗೆದಾಗ, ಎಸ್‌ಫೆನ್ವಲರೇಟಿಗೂ ಇಂಡಾಕ್ಸಾಕಾರ್ಬಿಗೂ ಸಸ್ಯದ ಸ್ವಂತ ವಿಷಗಳಿಗೂ ಹುಳು ಹೆಚ್ಚು ಸುಲಭವಾಗಿ ತುತ್ತಾಯಿತು. ಕೆಲಸ ಮಾಡುವ ಬಗೆಯೇ ಬೇರೆಯಾದ ಎರಡು ಎಣ್ಣೆಗಳಿಗೆ ಕಾವಲು ಒಂದೇ ಸಾಲು.

ಹಾಗಾಗಿ ಎಣ್ಣೆ ಆರಿಸುವ ಮೊದಲು ಹುಳುವಿನ ಜೀನನ್ನೇ ನೋಡುವುದು ಮೇಲು. ಬೆಸುಗೆಯ ಬಿ3 ಜೀನನ್ನು ಡಿಎನ್‌ಎ ನಕಲು ಮಾಡಿ ಹುಡುಕುವ ಪಿಸಿಆರ್ ಪರೀಕ್ಷೆಯಿಂದ ಗುರುತಿಸಬಹುದು. ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲೇ ಕೃಷಿ ಮಹಾವಿದ್ಯಾಲಯವಿದೆ. ಅದು ತೊಗರಿ ಹೂವಾಡುವ ಮೊದಲೇ ಸುರಪುರ, ಶಹಾಪುರ, ಯಾದಗಿರಿ ಮೂರೂ ತಾಲ್ಲೂಕಿನ ಕೀಡೆಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ.