ಬೇರು ಉಳಿಸಿ ಫಲ ಹಂಚಿದವರು: ವಕ್ಫ್ ಚರಿತ್ರೆಯಲ್ಲಿ ಬಡ ಕುಟುಂಬಗಳ ಪಾಲು

ಅಶ್ಅರೀ ಗೋತ್ರದವರಲ್ಲಿ ಒಂದು ರೂಢಿಯಿತ್ತು. ಯುದ್ಧಯಾತ್ರೆಯಲ್ಲಿ ಬುತ್ತಿ ತೀರುತ್ತ ಬಂದಾಗ ಅಥವಾ ಮದೀನಾದಲ್ಲಿ ತಮ್ಮ ಕುಟುಂಬಗಳಿಗೆ ಆಹಾರದ ಕೊರತೆಯಾದಾಗ ಪ್ರತಿಯೊಬ್ಬರೂ ತಮ್ಮಲ್ಲಿದ್ದುದನ್ನು ತಂದು ಒಂದೇ ಬಟ್ಟೆಯ ಮೇಲೆ ಸುರಿಯುತ್ತಿದ್ದರು. ಬಳಿಕ ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಪ್ರವಾದಿ(ಸ)ರು ಈ ರೂಢಿಯನ್ನು ಬಹಳವಾಗಿ ಮೆಚ್ಚಿ, ಆ ಜನರನ್ನು ತಮ್ಮವರೆಂದೂ ತಾವು ಅವರವರೆಂದೂ ಹೇಳಿಕೊಂಡರು. ಇಮಾಮ್ ಬುಖಾರಿ(ರ)ಯವರು ಈ ಹದೀಸನ್ನು ತಮ್ಮ ಗ್ರಂಥದ ಪಾಲುದಾರಿಕೆಯ ಅಧ್ಯಾಯದಲ್ಲಿ ಸೇರಿಸಿದ್ದಾರೆ. ವ್ಯಾಪಾರದ ಬಂಡವಾಳ, ಲಾಭ, ಪಾಲುಗಳ ಚರ್ಚೆ ನಡೆಯುವ ಜಾಗದಲ್ಲಿಯೇ ಹಸಿದ ಮನೆಯ ಬುತ್ತಿಯೂ ಬಂದಿದೆ. ಬಡವನ ನೆರವನ್ನು ನಮ್ಮ ಪೂರ್ವಿಕರು ಕರುಣೆಯ ವಿಷಯವಾಗಿ ಕಂಡಂತೆಯೇ ಸಹಭಾಗಿತ್ವದ ಮತ್ತು ಲೆಕ್ಕಾಚಾರದ ವಿಷಯವಾಗಿಯೂ ಕಂಡಿದ್ದರು ಎಂಬುದಕ್ಕೆ ಇದು ಸಾಕ್ಷಿ.

ಆದರೆ ಬಟ್ಟೆಯ ಮೇಲೆ ಸುರಿದ ಧಾನ್ಯ ಹಂಚಿದ ದಿನವೇ ಮುಗಿಯುತ್ತದೆ. ವರ್ಷವಿಡೀ, ತಲೆಮಾರುಗಳುದ್ದಕ್ಕೂ ಬಡ ಕುಟುಂಬಗಳ ಒಲೆ ಉರಿಯಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಇಸ್ಲಾಮೀ ಚರಿತ್ರೆ ಕಂಡುಕೊಂಡ ಉತ್ತರವೇ ವಕ್ಫ್.

ಹಿಜರಿ 7ನೇ ವರ್ಷದಲ್ಲಿ ಖೈಬರ್ ವಿಜಯವಾದ ಬಳಿಕ ಹಝ್ರತ್ ಉಮರ್(ರ)ರಿಗೆ ಅಲ್ಲಿ ಒಂದು ಭೂಮಿ ದೊರೆಯಿತು. ಅದಕ್ಕಿಂತ ಬೆಲೆಬಾಳುವ ಸೊತ್ತು ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ. ಅದನ್ನು ಏನು ಮಾಡಲೆಂದು ಅವರು ಪ್ರವಾದಿ(ಸ)ರಲ್ಲಿ ವಿಚಾರಿಸಿದರು. ಮೂಲವನ್ನು ತಡೆಹಿಡಿದು ಅದರ ಉತ್ಪನ್ನವನ್ನು ದಾನ ಮಾಡಬಹುದೆಂಬ ಸಲಹೆ ದೊರೆಯಿತು. ಉಮರ್(ರ) ಹಾಗೆಯೇ ಮಾಡಿದರು. ಆ ಭೂಮಿಯನ್ನು ಮಾರುವಂತಿಲ್ಲ, ಯಾರಿಗೂ ಉಡುಗೊರೆಯಾಗಿ ಕೊಡುವಂತಿಲ್ಲ, ಅದು ವಾರಸುದಾರರಿಗೆ ಸಲ್ಲುವಂತಿಲ್ಲ. ಅದರ ಫಲವು ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ದಾರಿಹೋಕರಿಗೆ ಮತ್ತು ಅತಿಥಿಗಳಿಗೆ ಮೀಸಲು. ನೋಡಿಕೊಳ್ಳುವವನು ನ್ಯಾಯವಾದ ಪ್ರಮಾಣದಲ್ಲಿ ಅದರಿಂದ ಉಣ್ಣಬಹುದು. ಆದರೆ ಅದರಿಂದ ಸಂಪತ್ತು ಕೂಡಿಡಬಾರದು.

ಈ ಕೆಲವೇ ಷರತ್ತುಗಳಲ್ಲಿ ಮುಂದಿನ ಸಾವಿರಾರು ಸಂಸ್ಥೆಗಳ ಅಡಿಪಾಯ ಅಡಗಿದೆ. ಮೂಲ ಸೊತ್ತು ಕರಗಬಾರದು, ಫಲಾನುಭವಿ ಯಾರೆಂದು ಮೊದಲೇ ಗೊತ್ತಿರಬೇಕು, ನಿರ್ವಾಹಕನಿಗೆ ಸಂಬಳವೂ ಇರಬೇಕು, ಮಿತಿಯೂ ಇರಬೇಕು. ಝಕಾತ್‌ನ ವಿಷಯದಲ್ಲಿಯೂ ಇದೇ ದೃಷ್ಟಿಯಿದೆ. ಪವಿತ್ರ ಕುರ್‌ಆನಿನ ಅತ್ತೌಬಾ ಅಧ್ಯಾಯದ 60ನೇ ಸೂಕ್ತ ಹೇಳುವ ಎಂಟು ಹಕ್ಕುದಾರ ವರ್ಗಗಳಲ್ಲಿ ಝಕಾತ್ ಸಂಗ್ರಹಿಸಿ ನಿರ್ವಹಿಸುವವರೂ ಒಂದು ವರ್ಗ. ಸೇವೆಗೆ ಸೇವಕರು ಬೇಕು, ಸೇವಕರಿಗೆ ಜೀವನೋಪಾಯ ಬೇಕು ಎಂಬ ವಾಸ್ತವವನ್ನು ಧರ್ಮವೇ ಒಪ್ಪಿಕೊಂಡಿದೆ.

ಈ ಅಡಿಪಾಯದ ಮೇಲೆ ಕಟ್ಟಡ ಹೇಗೆ ಎದ್ದಿತೆಂಬುದಕ್ಕೆ ಜೆರುಸಲೇಮಿನ ಒಂದು ಅಡಿಗೆಮನೆ ಉತ್ತಮ ಉದಾಹರಣೆ. ಉಸ್ಮಾನೀ ಸುಲ್ತಾನ್ ಸುಲೈಮಾನರ ಪತ್ನಿ ಹುರ್ರಮ್ ಸುಲ್ತಾನ್ 1552ರಲ್ಲಿ ಇದನ್ನು ಸ್ಥಾಪಿಸಿದರು. ತುನ್‌ಶುಖ್ ಎಂಬ ಮಹಿಳೆ ಮಮ್ಲೂಕರ ಕಾಲದಲ್ಲಿ ಕಟ್ಟಿಸಿದ್ದ ಅರಮನೆಯೇ ಇದರ ನೆಲೆಯಾಯಿತು. ಅಲ್ಲಿ ಮಸೀದಿ, ತಂಗುವವರಿಗಾಗಿ 55 ಕೋಣೆಗಳು, ಪಯಣಿಗರ ಛತ್ರ ಹಾಗೂ ದೊಡ್ಡ ಅಡಿಗೆಮನೆ ಇದ್ದವು. ದಿನಕ್ಕೆ ಎರಡು ಹೊತ್ತು, ಸುಮಾರು 400 ಮಂದಿ ಬಡವರಿಗೆ ಊಟ. ಬೆಳಗ್ಗೆ ಅಕ್ಕಿಯ ಗಂಜಿ, ಸಂಜೆ ಗೋಧಿನುಚ್ಚಿನ ಗಂಜಿ, ಜತೆಗೆ ರೊಟ್ಟಿ. ಶುಕ್ರವಾರದ ಮತ್ತು ರಮಝಾನಿನ ರಾತ್ರಿಗಳಲ್ಲಿ ಮಾಂಸದ ಅನ್ನ ಮತ್ತು ಕೇಸರಿ ಬೆರೆಸಿದ ಸಿಹಿಯನ್ನ. ಬಡವನಿಗೂ ಹಬ್ಬದೂಟವಿರಬೇಕೆಂಬುದನ್ನು ಇಲ್ಲಿ ನಿಯಮವಾಗಿಯೇ ಬರೆದಿಡಲಾಗಿತ್ತು.

ಇದಕ್ಕೆ ಹಣ ಎಲ್ಲಿಂದ ಬರುತ್ತಿತ್ತು? ರಮ್ಲಾ ಮತ್ತು ಲುದ್ ಸುತ್ತಲಿನ ಹಳ್ಳಿಗಳ ಕಂದಾಯ, ಜೆರುಸಲೇಮಿನ ಸ್ನಾನಗೃಹದ ಆದಾಯ, ದೂರದ ತ್ರಿಪೋಲಿ ಕಡೆಯ ಸೊತ್ತುಗಳ ಆದಾಯ ಇದಕ್ಕೆ ಸಲ್ಲುತ್ತಿದ್ದವು. ಈ ಹಳ್ಳಿಗಳ ಮೇಲಿನ ಹಕ್ಕನ್ನು ಸುಲ್ತಾನರೇ ಪತ್ನಿಗೆ ನೀಡಿದ್ದರು. ಆಕೆ ಅದನ್ನು ವಕ್ಫ್ ಮಾಡಿದರು. 1558ರಲ್ಲಿ ಆಕೆ ನಿಧನರಾದ ಬಳಿಕ ಸುಲ್ತಾನರು ಇನ್ನೂ ಕೆಲವು ಹಳ್ಳಿಗಳ ಆದಾಯವನ್ನು ಸೇರಿಸಿದರು. ಹೀಗೆ ರಾಜ್ಯದ ಭೂಮಿ, ಒಬ್ಬ ಮಹಿಳೆಯ ಸಂಕಲ್ಪ, ರೈತರ ದುಡಿಮೆ, ಸುಮಾರು 50 ಮಂದಿ ನೌಕರರ ಸೇವೆ, ಮುತವಲ್ಲಿಯ ಆಡಳಿತ ಹಾಗೂ ಖಾಝಿಯ ಮೇಲ್ವಿಚಾರಣೆ ಒಂದಾದಾಗ ಒಂದು ಬಟ್ಟಲು ಗಂಜಿ ಸಿದ್ಧವಾಗುತ್ತಿತ್ತು. ಹಳ್ಳಿಯ ಬೆಳೆ ಕೈಕೊಟ್ಟರೆ ಅಡಿಗೆಮನೆಗೂ ಕಷ್ಟ ತಪ್ಪುತ್ತಿರಲಿಲ್ಲ. ಆದರೂ ಸ್ಥಾಪಕಿಯ ಮರಣದೊಂದಿಗೆ, ಅಷ್ಟೇಕೆ, ಉಸ್ಮಾನೀ ಆಳ್ವಿಕೆಯ ಅಂತ್ಯದೊಂದಿಗೂ ಅದು ನಿಲ್ಲಲಿಲ್ಲ. ಜೆರುಸಲೇಮಿನ ಹಳೆಯ ನಗರದಲ್ಲಿ ಖಾಸ್ಕೀ ಸುಲ್ತಾನ್ ತಕಿಯ್ಯಾ ಎಂಬ ಹೆಸರಿನಲ್ಲಿ ನಮ್ಮ ಕಾಲದವರೆಗೂ ಬಡವರಿಗೆ ಅನ್ನ ನೀಡುತ್ತ ಬಂದಿದೆ.

ಇದು ರಾಣಿಯ ಕಥೆ. ಸಾಮಾನ್ಯರಿಗೆ ಇದರಲ್ಲೇನಿದೆ ಎಂದು ಕೆಲವರು ಕೇಳಬಹುದು. ಅದೇ ಉಸ್ಮಾನೀ ನಾಡಿನ ಮೊಹಲ್ಲಾಗಳಲ್ಲಿ ಸಾಮಾನ್ಯರು ಬೇರೊಂದು ದಾರಿ ಕಂಡುಕೊಂಡರು. ಭೂಮಿಯಿಲ್ಲದವರು ಅಷ್ಟಿಷ್ಟು ನಗದನ್ನೇ ವಕ್ಫ್ ಮಾಡತೊಡಗಿದರು. ಅವಾರಿಝ್ ವಕ್ಫ್ ಎಂದು ಕರೆಯಲಾಗುತ್ತಿದ್ದ ಈ ಮೊಹಲ್ಲಾ ನಿಧಿಗಳ ಆದಾಯದಿಂದ ತೆರಿಗೆ ಕಟ್ಟಲಾಗದ ಬಡವರ ತೆರಿಗೆ ತೀರಿಸಲಾಗುತ್ತಿತ್ತು. ಕಾಯಿಲೆ ಬಿದ್ದು ದುಡಿಯಲಾಗದವರಿಗೆ ನೆರವಾಗುತ್ತಿತ್ತು. ದಾರಿ, ನೀರಿನ ಕಾಲುವೆಗಳ ದುರಸ್ತಿಯೂ ನಡೆಯುತ್ತಿತ್ತು.

ನಗದು ವಕ್ಫ್‌ನ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 1545ರಿಂದ 1574ರವರೆಗೆ ಶೈಖುಲ್ ಇಸ್ಲಾಮ್ ಆಗಿದ್ದ ಅಬುಸ್ಸುಊದ್ ಅಫಂದಿ(ರ) ಇದನ್ನು ಸಮರ್ಥಿಸಿದರು. ಜನರಲ್ಲಿ ರೂಢವಾಗಿರುವ ಇದನ್ನು ನಿಲ್ಲಿಸಿದರೆ ಅದೆಷ್ಟೋ ಸತ್ಕಾರ್ಯಗಳು ನಿಂತುಹೋಗುತ್ತವೆ ಎಂಬುದು ಅವರ ಕಾಳಜಿ. ಬಿರ್ಗಿವೀ(ರ) ಕಟುವಾಗಿ ವಿರೋಧಿಸಿದರು. ಹಣವನ್ನು ನಿಗದಿತ ಹೆಚ್ಚಳಕ್ಕೆ ಸಾಲ ಕೊಡುವ ರೀತಿ ಬಡ್ಡಿಯ ಬಾಗಿಲು ತೆರೆಯುತ್ತದೆ ಎಂಬುದು ಅವರ ಆತಂಕ. ಹನಫೀ ಚಿಂತನೆಯಲ್ಲಿ ಮೂರನೆಯ ದಾರಿಯೊಂದೂ ಇತ್ತು. ಇಮಾಮ್ ಅಬೂ ಹನೀಫಾ(ರ)ರ ಶಿಷ್ಯ ಇಮಾಮ್ ಝುಫರ್(ರ)ರಿಂದ ವರದಿಯಾದ ಅಭಿಪ್ರಾಯದಂತೆ ವಕ್ಫ್ ಹಣವನ್ನು ಮುದಾರಬಾ ರೂಪದಲ್ಲಿ ವ್ಯಾಪಾರಕ್ಕೆ ಕೊಟ್ಟು ಬಂದ ಲಾಭವನ್ನು ದಾನ ಮಾಡಬಹುದು. ಮುದಾರಬಾ ಎಂದರೆ ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ, ಲಾಭದಲ್ಲಿ ಇಬ್ಬರಿಗೂ ಪಾಲು. ಬಡವನ ಸೇವೆಗಾಗಿ ಹಣ ಹೊಂದಿಸುವಾಗಲೂ ಹಲಾಲ್ ಗಡಿಯನ್ನು ದಾಟಬಾರದೆಂಬ ಎಚ್ಚರ ಈ ಚರ್ಚೆಯ ಉದ್ದಕ್ಕೂ ಕಾಣುತ್ತದೆ.

ಹಾಗಾದರೆ ಇಂಥ ಪರಂಪರೆ ಕ್ಷೀಣಿಸಿದ್ದೇಕೆ? ಒಂದು ಕಾರಣ ಹೊರಗಿನದು. 1830ರಲ್ಲಿ ಅಲ್ಜೀರಿಯಾವನ್ನು ಆಕ್ರಮಿಸಿದ ಫ್ರೆಂಚರು ಅಲ್ಲಿನ ವಕ್ಫ್ ಸೊತ್ತುಗಳನ್ನು ವಶಪಡಿಸಿಕೊಂಡರು. ಇನ್ನೊಂದು ಕಾರಣ ಒಳಗಿನದು. ಮುತವಲ್ಲಿಗಳು ಸೊತ್ತನ್ನು ಸ್ವಂತದ್ದೆಂಬಂತೆ ಬಳಸಿದರು, ಅತಿ ಕಡಿಮೆ ಬಾಡಿಗೆಗೆ ದೀರ್ಘಕಾಲದ ಗೇಣಿಗೆ ಕೊಟ್ಟರು, ಲೆಕ್ಕ ಕೇಳುವವರಿಲ್ಲವಾದರು.

ಭಾರತದ ಚರಿತ್ರೆಯಲ್ಲಿ ಈ ಎರಡೂ ಕಾಣಸಿಗುತ್ತವೆ. 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಕುಟುಂಬಕ್ಕೆ ಮೊದಲು ಫಲ ಸಂದು ಬಹುಕಾಲದ ನಂತರ ಬಡವರಿಗೆ ಸಲ್ಲುವ ವಕ್ಫ್‌ಗಳು ಅಸಿಂಧುವೆಂದು ತೀರ್ಪಿತ್ತಿತು. ಸ್ವಂತ ಬಂಧುಗಳಿಗೆ ನೀಡುವುದೂ ದಾನವೆಂದು ಕಾಣುವ ಇಸ್ಲಾಮೀ ದೃಷ್ಟಿ ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಅಲ್ಲಾಮಾ ಶಿಬ್ಲೀ ನುಅ್ಮಾನಿ(ರ)ಯವರಂಥವರು ಇದರ ವಿರುದ್ಧ ಜನಾಭಿಪ್ರಾಯ ರೂಪಿಸಿದರು. ಫಲವಾಗಿ 1913ರಲ್ಲಿ ಇಂಥ ವಕ್ಫ್‌ಗಳನ್ನು ಸಿಂಧುಗೊಳಿಸುವ ಕಾನೂನು ಬಂತು. ಹತ್ತು ವರ್ಷಗಳ ಬಳಿಕ, 1923ರಲ್ಲಿ ಬಂದ ಇನ್ನೊಂದು ಕಾನೂನು ಮುತವಲ್ಲಿಗಳು ಲೆಕ್ಕಪತ್ರಗಳನ್ನು ನ್ಯಾಯಾಲಯಕ್ಕೆ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು. ಮೊದಲ ಕಾನೂನು ಸೊತ್ತನ್ನು ಉಳಿಸಿತು. ಎರಡನೆಯದು ಅದರ ಫಲ ಯಾರಿಗೆ ಹೋಗುತ್ತಿದೆ ಎಂದು ಕೇಳಿತು. ಸ್ವಾತಂತ್ರ್ಯದ ಬಳಿಕ 1954ರ ಮತ್ತು 1995ರ ಕಾಯಿದೆಗಳು ಬಂದವು.

ಆದರೆ ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ದೊರೆತಿಲ್ಲ. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ ದೇಶದಲ್ಲಿ 4.9 ಲಕ್ಷಕ್ಕೂ ಹೆಚ್ಚು ನೋಂದಾಯಿತ ವಕ್ಫ್‌ಗಳಿದ್ದವು. ಅವುಗಳ ವಿಸ್ತಾರ ಸುಮಾರು 6 ಲಕ್ಷ ಎಕರೆ. ಮಾರುಕಟ್ಟೆ ಮೌಲ್ಯದ ಅಂದಾಜು 1.2 ಲಕ್ಷ ಕೋಟಿ ರೂಪಾಯಿ. ಇವುಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ ಸುಮಾರು 163 ಕೋಟಿ ಮಾತ್ರ. ಸಮರ್ಪಕವಾಗಿ ಬಳಸಿ ಶೇಕಡಾ 10ರಷ್ಟು ಆದಾಯ ಬಂದರೂ ವರ್ಷಕ್ಕೆ 12,000 ಕೋಟಿ ದೊರೆಯಬಹುದೆಂದು ಸಮಿತಿ ಲೆಕ್ಕ ಹಾಕಿತು. ಈ ಎರಡು ಅಂಕಿಗಳ ನಡುವಿನ ಕಂದರದಲ್ಲಿ ಎಷ್ಟು ವಿಧವೆಯರ ಮಾಸಾಶನ, ಎಷ್ಟು ಮಕ್ಕಳ ಶಾಲಾ ಶುಲ್ಕ, ಎಷ್ಟು ರೋಗಿಗಳ ಔಷಧಿ ಕಳೆದುಹೋಗಿದೆ ಎಂದು ನಾವು ಯೋಚಿಸಬೇಕಾಗಿದೆ. ಅತಿಕ್ರಮಣದ ವಿರುದ್ಧ ಹೋರಾಡುವುದು ಅಗತ್ಯವೇ. ಆದರೆ ಉಳಿದಿರುವ ಅಂಗಡಿಯನ್ನು ಮೂವತ್ತು ವರ್ಷಗಳ ಹಿಂದಿನ ಬಾಡಿಗೆಗೆ ಬಿಟ್ಟು ಸುಮ್ಮನಿರುವುದೂ ಬಡವನ ಪಾಲಿಗೆ ಅತಿಕ್ರಮಣವೇ.

ನಿರಾಶೆಗೆ ಕಾರಣವಿಲ್ಲ. ಹೊಸಗಾಲದಲ್ಲಿಯೂ ಕೂಡಿ ಕಟ್ಟಿದವರಿದ್ದಾರೆ. 1961ರಲ್ಲಿ ಆರಂಭವಾದ ದೇವಬಂದ್‌ನ ಮುಸ್ಲಿಮ್ ಫಂಡ್ ಜನರ ಸಣ್ಣ ಉಳಿತಾಯಗಳನ್ನು ಸ್ವೀಕರಿಸಿ, ಒಡವೆ ಅಡವಿಟ್ಟವರಿಗೆ ಬಡ್ಡಿರಹಿತ ಸಾಲ ನೀಡುವ ಮಾದರಿಯನ್ನು ತೋರಿಸಿತು. ನಮ್ಮ ರಾಜ್ಯದಲ್ಲಿ 1919ರಲ್ಲಿ ಭಟ್ಕಳದಲ್ಲಿ ಅಂಜುಮನ್ ಹಾಮಿಯೇ ಮುಸ್ಲಿಮೀನ್ ಹುಟ್ಟಿತು. 1966ರಲ್ಲಿ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಅವರು ಅಲ್ ಅಮೀನ್ ಸಂಸ್ಥೆಯನ್ನು ಸ್ಥಾಪಿಸಿದರು. ಹಲವರ ಕೈ ಸೇರಿದಾಗ ಒಂದು ಸಂಸ್ಥೆ ಸ್ಥಾಪಕರ ಆಯುಷ್ಯವನ್ನು ಮೀರಿ ಬಾಳುತ್ತದೆ ಎಂಬುದನ್ನು ಇವು ಕನ್ನಡ ನೆಲದಲ್ಲಿಯೇ ತೋರಿಸಿಕೊಟ್ಟಿವೆ.

ಇಂದು ಈ ಚರಿತ್ರೆಯನ್ನು ನೆನೆಯಲು ತುರ್ತು ಕಾರಣವೂ ಇದೆ. ಕಿರು ಸಾಲದ ವಸೂಲಿಯ ಹೆಸರಿನಲ್ಲಿ ನಡೆಯುತ್ತಿದ್ದ ಕಿರುಕುಳವನ್ನು ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೀಡಿ ಕಟ್ಟುವ, ಮನೆಗೆಲಸ ಮಾಡುವ, ತಳ್ಳುಗಾಡಿ ನಡೆಸುವ ಮನೆಗಳ ಮುಂದೆ ವಾರದ ಕಂತಿಗಾಗಿ ನಿಲ್ಲುವವರನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ದಾನದ ಬಹುಪಾಲು ರಮಝಾನಿನ ಕೊನೆಯ ದಿನಗಳಲ್ಲಿ ಹಂಚಿ ಮುಗಿಯುತ್ತದೆ. ಆದರೆ ಆಸ್ಪತ್ರೆಯ ಬಿಲ್ಲು ರಬೀಉಲ್ ಅವ್ವಲ್‌ನಲ್ಲಿ ಬರಬಹುದು, ಶಾಲೆಯ ಶುಲ್ಕ ಜೂನ್ ತಿಂಗಳಲ್ಲಿ ಬರುತ್ತದೆ. ಆ ಹೊತ್ತಿನಲ್ಲಿ ಮಸೀದಿಯ ಬಾಗಿಲಲ್ಲಿ ಉತ್ತರ ಸಿಗದಿದ್ದರೆ ಆ ತಾಯಿ ಬಡ್ಡಿಯವನ ಬಾಗಿಲಿಗೇ ಹೋಗುತ್ತಾಳೆ.

ಆದ್ದರಿಂದ ಪ್ರತಿ ಜಮಾಅತ್ ಕೆಲವು ಕೆಲಸಗಳನ್ನು ಮಾಡಬಹುದು. ಝಕಾತನ್ನು ಹಕ್ಕುದಾರರ ಒಡೆತನಕ್ಕೆ ನೀಡಬೇಕೆಂಬುದು ಬಹುತೇಕ ವಿದ್ವಾಂಸರ ನಿಲುವು. ಆದುದರಿಂದ ಅದರ ಲೆಕ್ಕ ಬೇರೆ ಇರಲಿ. ಐಚ್ಛಿಕ ಸದಖಾದಿಂದ ಒಂದು ಸ್ಥಿರ ನಿಧಿಯನ್ನೋ ಬಾಡಿಗೆ ಬರುವ ಸೊತ್ತನ್ನೋ ಊರಿನ ಉಲಮಾಗಳ ಮಾರ್ಗದರ್ಶನದಲ್ಲಿ ರೂಪಿಸಬಹುದು. ನೆರೆಹೊರೆಯ ಜಮಾಅತ್‌ಗಳು ಕೂಡಿದರೆ ಸಣ್ಣ ಊರಿಗೂ ಬಡ್ಡಿರಹಿತ ಸಾಲದ ನಿಧಿ ಸಾಧ್ಯ. ಸರಕಾರದ ವಿಧವಾ ವೇತನ, ವಿದ್ಯಾರ್ಥಿವೇತನಗಳಿಗೆ ಅರ್ಜಿ ಬರೆದುಕೊಡುವ ಒಬ್ಬ ಸಂಬಳದ ಗುಮಾಸ್ತನಿದ್ದರೆ ಅದು ನೂರು ಕಿಟ್ ವಿತರಣೆಗಿಂತ ಹೆಚ್ಚಿನ ಸೇವೆ. ಎಲ್ಲಕ್ಕೂ ಮಿಗಿಲಾಗಿ, ವರ್ಷಕ್ಕೊಮ್ಮೆ ಜುಮಾ ನಮಾಝಿನ ಬಳಿಕ ಆದಾಯ ಮತ್ತು ವೆಚ್ಚದ ಲೆಕ್ಕ ಓದಿ ಹೇಳಬೇಕು. ನೆರವು ಪಡೆದವರ ಹೆಸರು ಮಾತ್ರ ಗುಪ್ತವಾಗಿರಲಿ. ಅವರ ಮಾನವೂ ನಮಗೆ ಒಪ್ಪಿಸಲ್ಪಟ್ಟ ಅಮಾನತ್ತು.

ಖೈಬರಿನ ಆ ಭೂಮಿಯನ್ನು ಉಮರ್(ರ) ಮಾರಿ ಒಂದೇ ದಿನ ಹಂಚಿದ್ದರೆ ಆ ದಿನದ ಬಡವರು ಸಂತೃಪ್ತರಾಗುತ್ತಿದ್ದರು. ಅವರು ಇನ್ನೂ ಹುಟ್ಟದ ಬಡವರ ಹಕ್ಕನ್ನೂ ನೆನೆದರು. ನಮ್ಮ ಕೈಯಲ್ಲಿರುವುದರಲ್ಲಿಯೂ ಅಂಥವರ ಪಾಲಿದೆ. ಅದನ್ನು ಕಾಪಾಡುವ ಪ್ರಾಮಾಣಿಕತೆಯನ್ನೂ ಕೂಡಿ ದುಡಿಯುವ ಮನಸ್ಸನ್ನೂ ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.