ಕಸಿ ಟೊಮೆಟೊ: ಬೆಂಗಳೂರು ಹೊರವಲಯದ ಕೈತೋಟಗಳಲ್ಲಿ

ರೋಗಕ್ಕೆ ಜಗ್ಗದ ಬೇರಿರುವ ಸಸಿಯ ಬುಡದ ಮೇಲೆ, ಹಣ್ಣಿಗಾಗಿ ಆರಿಸಿಕೊಂಡ ಟೊಮೆಟೊ ಕುಡಿಯನ್ನು ಕೂಡಿಸಿ ಬೆಳೆಸಿದ ಗಿಡವೇ ಕಸಿ ಟೊಮೆಟೊ. ಕೆಳಗಿನದು ಬೇರುಸಸಿ, ಮೇಲಿನದು ಕುಡಿ. ತರಕಾರಿಗೆ ಹೀಗೆ ಕಸಿ ಕಟ್ಟುವ ಆಧುನಿಕ ಪದ್ಧತಿ 1920ರ ದಶಕದಲ್ಲಿ ಜಪಾನಿನಲ್ಲಿ ಕಲ್ಲಂಗಡಿಯಿಂದ ಶುರುವಾಯಿತು.

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್ 1882ರಲ್ಲಿ ಬೇಸಾಯದ ಊರಾಗಿಯೇ ಹುಟ್ಟಿದ್ದು. ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹಳ್ಳಿಗಳ ನೆಲದ ಮೇಲೆ. ಈಗ ಇಂಥ ಕಡೆಗಳಲ್ಲಿ ಟೊಮೆಟೊ ಬೆಳೆಯುವುದು ಮನೆ ಪಕ್ಕದ ಅಂಗೈಯಗಲದ ಜಾಗದಲ್ಲಿ, ಇಲ್ಲವೇ ತಾರಸಿಯ ಗ್ರೋ ಬ್ಯಾಗುಗಳಲ್ಲಿ. ಅದಕ್ಕೆ ಬೇಕಾದ ಕೆಂಪು ಮಣ್ಣು ಹೊರಗಿನಿಂದ ಬರುತ್ತದೆ. ಟೊಮೆಟೊ, ಬದನೆ, ಮೆಣಸಿನಕಾಯಿ ಬೆಳೆದ ಹೊಲದ ಮಣ್ಣಾಗಿದ್ದರೆ ಅದರೊಂದಿಗೆ ದುಂಡಾಣು ಸೊರಗು ರೋಗವೂ ಗಂಟುಬೇರಿನ ಜಂತುಹುಳುವೂ ಮನೆಗೆ ಬಂದಾವು.

ಸೊರಗು ರೋಗ ಹಿಡಿದ ಗಿಡದ ಎಲೆ ಹಳದಿಯಾಗುವುದಿಲ್ಲ, ಹಸಿರಾಗಿರುವಾಗಲೇ ಜೋಲುತ್ತದೆ. ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ತೂಗುಬಿಟ್ಟರೆ, ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನೆಳೆಯಂಥ ಬಿಳಿ ಧಾರೆ ಇಳಿಯುತ್ತದೆ. ಅದು ಕಂಡರೆ ಔಷಧಿ ಸಿಂಪಡಿಸಿ ಫಲವಿಲ್ಲ. ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಹರಿಯುವ ನೀರಿನೊಡನೆ ಮುಂದಿನ ಪಾತಿಗೂ ಹೋಗುತ್ತದೆ. ಕಸಿ ಕಟ್ಟುವ ಶ್ರಮ ಸಾರ್ಥಕವಾಗುವುದು ಇಂಥ ಮಣ್ಣಿನಲ್ಲಿಯೇ. ಹೊಸ ಕೋಕೋಪೀಟ್, ಎರೆಗೊಬ್ಬರ ತುಂಬಿದ ಚೀಲಕ್ಕೆ ಅದರ ಅಗತ್ಯ ಕಡಿಮೆ.

ಬೇರುಸಸಿಗೆ ದೂರ ಹುಡುಕಬೇಕಿಲ್ಲ. ಪೀಣ್ಯದಿಂದಾಚೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಸ್ಥಾಪನೆ 1967) ಹೊರತಂದ ಬದನೆ ತಳಿಗಳಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ, ಅರ್ಕಾ ನೀಲಕಂಠ ಸೊರಗು ರೋಗವನ್ನು ತಡೆಯುತ್ತವೆ. ಬದನೆಯ ಬೇರು ಟೊಮೆಟೊ ಬೇರಿಗಿಂತ ನೀರು ನಿಲ್ಲುವುದನ್ನೂ ಹೆಚ್ಚು ತಾಳುತ್ತದೆ. ಜೋರು ಮಳೆಗೆ ಪಾತಿ ಕೆರೆಯಾಗುವ ಕಡೆ ಇದು ಸಣ್ಣ ಗುಣವಲ್ಲ. ಸುಂಡೆಕಾಯಿ ಗಿಡದ ಬೇರು ಇನ್ನೂ ಗಟ್ಟಿ. ಆದರೆ ಅದರ ಬೀಜ ಮೊಳೆಯುವುದು ಬಹಳ ನಿಧಾನ, ವಾರಗಟ್ಟಲೆ ಮೊದಲೇ ಬಿತ್ತಬೇಕು. ಮೊದಲ ಸಲ ಕಟ್ಟುವವರಿಗೆ ಬದನೆಯೇ ಸರಿ. ಅದನ್ನು ಟೊಮೆಟೊಗಿಂತ ಕೆಲವು ದಿನ ಮುಂಚೆ ಸಸಿ ಬೆಳೆಸುವ ಪ್ರೋಟ್ರೇಗೆ ಹಾಕಿದರೆ ಎರಡರ ಕಾಂಡವೂ ಒಂದೇ ದಪ್ಪಕ್ಕೆ ಬರುತ್ತದೆ.

ಕಾಂಡ ಸುಮಾರು 2 ಮಿಲಿಮೀಟರ್ ದಪ್ಪವಾದಾಗ ಸಂಜೆಯ ಹೊತ್ತು, ನೆರಳಲ್ಲಿ ಕೆಲಸ ಮಾಡಬೇಕು. ಹೊಸ ಬ್ಲೇಡಿನಿಂದ ಬದನೆ ಸಸಿಯನ್ನು ಬೀಜದೆಲೆಗಳ ಮೇಲೆ ಓರೆಯಾಗಿ ಕತ್ತರಿಸಿ, ಅದೇ ಓರೆಯಲ್ಲಿ ಕತ್ತರಿಸಿದ ಟೊಮೆಟೊ ಕುಡಿಯನ್ನು ಕೂಡಿಸಿ ಸಿಲಿಕಾನ್ ಕ್ಲಿಪ್ ಹಾಕುತ್ತಾರೆ. ಎರಡರ ನಡುವೆ ಬೆಳಕು ತೂರುವಷ್ಟು ಸಂದಿಯೂ ಇರಕೂಡದು. ಕುಡಿಗೆ ನಾಟಿ ಟೊಮೆಟೊ ಇಟ್ಟರೆ ಸಾರಿಗೆ ಬೇಕಾದ ಹುಳಿ ಉಳಿಯುತ್ತದೆ, ಬದನೆ ಬೇರಿನ ಬಲವೂ ಸಿಗುತ್ತದೆ. ಬಳಿಕ ಟ್ರೇಯನ್ನು ಪ್ಲಾಸ್ಟಿಕ್ ಹೊದಿಕೆಯಡಿ ತೇವದಲ್ಲಿ, ಮೊದಲ ಎರಡು ಮೂರು ದಿನ ಕತ್ತಲಲ್ಲಿ ಇಟ್ಟು, ಬೆಳಕನ್ನೂ ಗಾಳಿಯನ್ನೂ ದಿನದಿನಕ್ಕೆ ಹೆಚ್ಚಿಸಬೇಕು. ಇದಕ್ಕೆ ಬೇಕಾದ 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಬೆಂಗಳೂರಿನಲ್ಲಿ ವರ್ಷದ ಬಹುಪಾಲು ತಾನಾಗಿ ಸಿಗುತ್ತದೆ. ಹತ್ತು ದಿನದೊಳಗೆ ಗಾಯ ಕೂಡುತ್ತದೆ.

ಟೊಮೆಟೊ ಸಸಿಯನ್ನು ಆಳಕ್ಕೆ ಹೂಳಿ ನೆಡುವ ರೂಢಿ ಇಲ್ಲಿ ಸಲ್ಲದು. ಕಸಿಯ ಗಂಟು ಮಣ್ಣಿನಿಂದ ಮೇಲೆಯೇ ಇರಬೇಕು. ಹೂತರೆ ಕುಡಿಯಿಂದಲೇ ಬೇರೊಡೆದು ರೋಗ ನೇರವಾಗಿ ಒಳಹೋಗುತ್ತದೆ. ಗಂಟಿನ ಕೆಳಗೆ ಬದನೆಯ ಚಿಗುರು ಬಂದರೆ ಚಿವುಟಬೇಕು.

ಬಿಳಿನೊಣ ತರುವ ಎಲೆ ಮುದುರು ರೋಗವನ್ನು ಬದನೆಯ ಬೇರು ತಡೆಯದು. ಆ ಕಾಟವೇ ಹೆಚ್ಚಿರುವ ತಾರಸಿಗೆ, ಹೆಸರಘಟ್ಟದ ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಕಸಿಯಿಲ್ಲದೆಯೂ ಒಳ್ಳೆಯ ಆಯ್ಕೆ: ಎಲೆ ಮುದುರು, ದುಂಡಾಣು ಸೊರಗು, ಎಲೆಚುಕ್ಕೆಯ ಅಂಗಮಾರಿ, ಈ ಮೂರಕ್ಕೂ ಅದರಲ್ಲಿ ತಡೆಶಕ್ತಿಯಿದೆ. ನೀರಿನ ಬಗೆಗೂ ಒಂದು ಎಚ್ಚರ: ಕೈಗಾರಿಕಾ ಪ್ರದೇಶವಾದ ಪೀಣ್ಯದ ಕೆಲವೆಡೆ ಅಂತರ್ಜಲಕ್ಕೆ ಲೋಹಲೇಪನದ ಕೆಲಸದಿಂದ ಕ್ರೋಮಿಯಂ ಸೇರಿದೆ. ಅಲ್ಲಿ ಯಾವ ಬೇರಿನ ಗಿಡವೇ ಆಗಲಿ, ಕೊಳವೆಬಾವಿಯ ನೀರಿಗಿಂತ ಹಿಡಿದಿಟ್ಟ ಮಳೆನೀರು ಮೇಲು.